ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಉತ್ತಮ ನೀತಿ ತರುವುದು ಹೇಗೆ: ಮನವಿಯಿಂದ ಜಾರಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಹಿಳಾ ಉದ್ಯೋಗಿಗಳ ಮನವಿಪತ್ರಗಳು ಬಹುತೇಕ ಒಂದೇ ರೀತಿಯಲ್ಲಿ ಸೋಲುತ್ತವೆ. ಹತ್ತು ಹನ್ನೆರಡು ಬೇಡಿಕೆಗಳ ಒಂದು ಪತ್ರ ಸಿದ್ಧವಾಗುತ್ತದೆ, ಅದಕ್ಕೆ ಮೂವತ್ತು ನಲವತ್ತು ಸಹಿಗಳು ಬೀಳುತ್ತವೆ, ಎಚ್‌ಆರ್ ವಿಭಾಗದವರು ನಗುಮುಖದಿಂದಲೇ ಅದನ್ನು ಸ್ವೀಕರಿಸಿ "ಪರಿಶೀಲಿಸುತ್ತೇವೆ" ಎನ್ನುತ್ತಾರೆ. ಮಾರ್ಚ್ 8ರಂದು ಒಂದು ಭಾಷಣ ನಡೆದು ಎಲ್ಲರಿಗೂ ಗುಲಾಬಿ ಹೂ ಸಿಗುತ್ತದೆ. ಪತ್ರ ಮಾತ್ರ ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಆಡಳಿತದ ಉದಾಸೀನತೆಯೊಂದೇ ಕಾರಣವೆಂದು ತಿಳಿಯುವುದು ತಪ್ಪು. ಕಾನೂನು ಈಗಾಗಲೇ ಕೊಟ್ಟಿರುವ ಹಕ್ಕು, ಸಂಸ್ಥೆಯಿಂದ ಹೊಸದಾಗಿ ಬಯಸುವ ಸೌಲಭ್ಯ ಮತ್ತು ಒಬ್ಬ ವ್ಯಕ್ತಿಯ ಮೇಲಿನ ದೂರು, ಈ ಮೂರೂ ಒಂದೇ ಪತ್ರದಲ್ಲಿ ಬೆರೆತಿರುತ್ತವೆ. ಹಾಗೆ ಬೆರೆತಾಗ ಹಕ್ಕು ಕೂಡ ಬೇಡಿಕೆಯಂತೆ ಕಾಣುತ್ತದೆ, ಬೇಡಿಕೆಗೆ "ಇಲ್ಲ" ಎನ್ನುವುದು ಯಾರಿಗೂ ಕಷ್ಟವಲ್ಲ. ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಖಾಸಗಿ ಸಂಸ್ಥೆ ಅಥವಾ ಕಾರ್ಖಾನೆಯಲ್ಲಿ ದುಡಿಯುವವರನ್ನು ಗಮನದಲ್ಲಿಟ್ಟು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಹಂತಗಳ ಕ್ರಮವನ್ನು ಬದಲಿಸಬೇಡಿ; ಸಹಿ ಸಂಗ್ರಹವನ್ನೇ ಮೊದಲ ಹೆಜ್ಜೆ ಮಾಡಿಕೊಳ್ಳುವುದರಿಂದಲೇ ಹೆಚ್ಚಿನ ಪ್ರಯತ್ನಗಳು ಹಳಿ ತಪ್ಪುತ್ತವೆ.

ಆರಂಭಕ್ಕೆ ಮುನ್ನ ಕೈಯಲ್ಲಿರಬೇಕಾದವು

ನಿಮ್ಮ ನೇಮಕಾತಿ ಪತ್ರ, ಸಂಸ್ಥೆಯ ಉದ್ಯೋಗಿ ಕೈಪಿಡಿ, ಕಳೆದ ಎರಡು ಮೂರು ವರ್ಷಗಳ ಸುತ್ತೋಲೆಗಳು, ಆಂತರಿಕ ಸಮಿತಿಯ (ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಸಮಿತಿ) ರಚನಾ ಆದೇಶದ ಪ್ರತಿ ಮತ್ತು ಸಂಸ್ಥೆಯು ಷೇರುಪೇಟೆಯಲ್ಲಿ ನೋಂದಣಿಯಾಗಿದ್ದರೆ ಅದರ ವಾರ್ಷಿಕ ವರದಿ. ಇಷ್ಟು ಸಾಕು. ಇವುಗಳಲ್ಲಿ ಯಾವುದಾದರೂ ಸಿಗದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಉದ್ಯೋಗಿಗೆ ಕಾಣಸಿಗದ ನೀತಿ ಇದ್ದರೂ ಇಲ್ಲದಂತೆಯೇ.

ಈ ಕೆಲಸಕ್ಕೆ ಕಚೇರಿಯ ಇಮೇಲ್, ಕಚೇರಿಯ ಲ್ಯಾಪ್‌ಟಾಪ್ ಅಥವಾ ಕಚೇರಿಯ ಚಾಟ್ ಗುಂಪನ್ನು ಬಳಸಬೇಡಿ. ಅವೆಲ್ಲ ಸಂಸ್ಥೆಯ ಸ್ವತ್ತು. ಕರಡು ಸಿದ್ಧವಾಗುವವರೆಗೆ ವೈಯಕ್ತಿಕ ಸಾಧನಗಳಲ್ಲಿಯೇ ಕೆಲಸ ಮಾಡಿ, ಅಧಿಕೃತವಾಗಿ ಸಲ್ಲಿಸುವ ದಿನ ಮಾತ್ರ ಕಚೇರಿಯ ಇಮೇಲ್ ಮೂಲಕ ಕಳುಹಿಸಿ. ಸಂಸ್ಥೆಯ ಗೌಪ್ಯ ದಾಖಲೆಗಳನ್ನು ವೈಯಕ್ತಿಕ ಖಾತೆಗೆ ವರ್ಗಾಯಿಸುವುದೂ ಬೇಡ. ನೀತಿಯ ಕುರಿತಾದ ಚರ್ಚೆ ಶಿಸ್ತು ಕ್ರಮದ ಚರ್ಚೆಯಾಗಿ ತಿರುಗಲು ಅದೊಂದು ನೆಪ ಸಾಕು.

1. ದೂರನ್ನು ನೀತಿಯಿಂದ ಬೇರ್ಪಡಿಸಿ

ಸಹೋದ್ಯೋಗಿಗಳೊಂದಿಗೆ ಮಾತನಾಡತೊಡಗಿದ ಕೂಡಲೇ ಒಬ್ಬ ಮೇಲಧಿಕಾರಿಯ ಹೆಸರು ಮತ್ತೆ ಮತ್ತೆ ಕೇಳಿಬರಬಹುದು. ಅದು ಲೈಂಗಿಕ ಕಿರುಕುಳದ ವಿಷಯವಾಗಿದ್ದರೆ ನೀತಿಯ ಮನವಿಗೆ ಪುರಾವೆಯಾಗಿ ಅದನ್ನು ಸಂಗ್ರಹಿಸಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ, ಪೋಶ್ ಕಾಯ್ದೆ ಎಂದೇ ಪರಿಚಿತವಾದ 2013ರ ಕಾಯ್ದೆಯಡಿ, ಘಟನೆ ನಡೆದ ದಿನದಿಂದ, ಅಥವಾ ಸರಣಿ ಘಟನೆಗಳಿದ್ದರೆ ಕೊನೆಯ ಘಟನೆಯಿಂದ, 3 ತಿಂಗಳ ಒಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ನೀಡಬೇಕು. ಸೂಕ್ತ ಕಾರಣವಿದ್ದರೆ ಸಮಿತಿಯು ಇನ್ನೂ 3 ತಿಂಗಳವರೆಗೆ ಕಾಲಾವಕಾಶ ವಿಸ್ತರಿಸಬಹುದು. ನಿಮ್ಮ ಕರಡು ಸಿದ್ಧವಾಗುವ ಹೊತ್ತಿಗೆ ಆ ಮಹಿಳೆಯ ಅವಧಿ ಮುಗಿದಿರಬಾರದು.

ಗೌಪ್ಯತೆಯ ಪ್ರಶ್ನೆಯೂ ಇದೆ. ದೂರುದಾರೆ, ಆರೋಪಿ ಮತ್ತು ಸಾಕ್ಷಿಗಳ ಗುರುತನ್ನು ಹಾಗೂ ವಿಚಾರಣೆಯ ವಿವರಗಳನ್ನು ಸಾರ್ವಜನಿಕಗೊಳಿಸುವುದನ್ನು ಅದೇ ಕಾಯ್ದೆಯ 16ನೇ ಪ್ರಕರಣ (ಸೆಕ್ಷನ್) ನಿಷೇಧಿಸುತ್ತದೆ. ಸದುದ್ದೇಶದಿಂದಲೇ ಮನವಿಪತ್ರದಲ್ಲಿ "ಇತ್ತೀಚೆಗೆ ಲೆಕ್ಕಪತ್ರ ವಿಭಾಗದಲ್ಲಿ ನಡೆದ ಘಟನೆ" ಎಂದು ಬರೆದರೂ ಐವತ್ತು ಜನರ ಕಚೇರಿಯಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಪರೀಕ್ಷೆ ಸರಳವಾಗಿದೆ. ಈ ವ್ಯಕ್ತಿ ನಾಳೆ ಬೇರೆ ಕಡೆಗೆ ವರ್ಗವಾದರೆ ಸಮಸ್ಯೆ ಮುಗಿಯುತ್ತದೆಯೇ ಎಂದು ಕೇಳಿಕೊಳ್ಳಿ. ಮುಗಿಯುವುದಾದರೆ ಅದು ದೂರು; ಮುಂದಿನ ಮೇಲಧಿಕಾರಿ ಬಂದರೂ ಉಳಿಯುವುದಾದರೆ ಅದು ನೀತಿಯ ಕೊರತೆ.

2. ಕಾನೂನಿನ ಕಾಲಂ, ಬೇಡಿಕೆಯ ಕಾಲಂ

ಒಂದು ಹಾಳೆಯ ಮಧ್ಯೆ ಗೆರೆ ಎಳೆದು, ಎಡಗಡೆ ಸಂಸ್ಥೆ ಕೊಡಲೇಬೇಕಾದುದನ್ನೂ ಬಲಗಡೆ ಕೊಟ್ಟರೆ ಒಳ್ಳೆಯದಾಗುವುದನ್ನೂ ಬರೆಯಿರಿ. ಇಡೀ ಪ್ರಯತ್ನದ ಬುನಾದಿ ಈ ಹಾಳೆಯೇ ಆದ್ದರಿಂದ ಇದಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ.

ಎಡಗಡೆಯ ಮೊದಲ ಸಾಲು ಆಂತರಿಕ ಸಮಿತಿ. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿಯೊಂದು ಕೆಲಸದ ಸ್ಥಳದಲ್ಲಿ ಲಿಖಿತ ಆದೇಶದ ಮೂಲಕ ಅದನ್ನು ರಚಿಸಬೇಕು. ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಸ್ವಯಂಸೇವಾ ಸಂಸ್ಥೆಯಿಂದ ಅಥವಾ ಈ ವಿಷಯದ ಪರಿಚಯವಿರುವವರಲ್ಲಿ ಒಬ್ಬ ಬಾಹ್ಯ ಸದಸ್ಯರಿರಬೇಕು. ಸದಸ್ಯರ ಅವಧಿ 3 ವರ್ಷ ಮೀರುವಂತಿಲ್ಲ. ಅತಿ ಸಾಮಾನ್ಯವಾದ ಲೋಪವೆಂದರೆ ಪ್ರಧಾನ ಕಚೇರಿಯಲ್ಲಿ ಒಂದೇ ಸಮಿತಿ ರಚಿಸಿ, ಮೈಸೂರು, ಹುಬ್ಬಳ್ಳಿ, ಮಂಗಳೂರು ಶಾಖೆಗಳಿಗೂ ಅದೇ ಸಾಕೆಂದುಕೊಳ್ಳುವುದು. ಬೇರೆ ಬೇರೆ ಸ್ಥಳಗಳಲ್ಲಿರುವ ಪ್ರತಿ ಘಟಕಕ್ಕೂ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ರಚನಾ ಆದೇಶವನ್ನು ಎದ್ದುಕಾಣುವ ಜಾಗದಲ್ಲಿ ಪ್ರದರ್ಶಿಸುವುದೂ ಉದ್ಯೋಗದಾತರ ಕರ್ತವ್ಯ. ಈ ಕಾಯ್ದೆಯ ಉಲ್ಲಂಘನೆಗೆ 50,000 ರೂಪಾಯಿವರೆಗೆ ದಂಡವಿದೆ. ಪುನರಾವರ್ತನೆಯಾದರೆ ದಂಡ ಹೆಚ್ಚುವುದಲ್ಲದೆ ಪರವಾನಗಿಗೂ ಸಂಚಕಾರ ಬರಬಹುದು.

ಎರಡನೆಯದು ಹೆರಿಗೆಯ ಸೌಲಭ್ಯ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮತ್ತು ಅದರ 2017ರ ತಿದ್ದುಪಡಿಯಲ್ಲಿದ್ದ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ; ಹಳೆಯ ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರುವ ಮಹಿಳೆಗೆ 26 ವಾರಗಳ ವೇತನ ಸಹಿತ ರಜೆ ಸಿಗುತ್ತದೆ, ಅದರಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುನ್ನ ಪಡೆಯಬಹುದು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ 12 ವಾರ, ಗರ್ಭಪಾತವಾದರೆ 6 ವಾರ. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮಗಳಿವೆ. ಈ ರಜೆಯಲ್ಲಿರುವಾಗ ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು. ಇಲ್ಲಿ ಎಣಿಸಬೇಕಾದದ್ದು ಒಟ್ಟು ಉದ್ಯೋಗಿಗಳನ್ನು. "ನಮ್ಮಲ್ಲಿ ಮಹಿಳೆಯರೇ ಐವತ್ತು ಜನ ಇಲ್ಲವಲ್ಲ" ಎಂಬ ಉತ್ತರ ಬಂದರೆ ಅದು ತಪ್ಪು ಎಣಿಕೆ.

ಮೂರನೆಯದು ಸಮಾನ ವೇತನ. 2019ರ ವೇತನ ಸಂಹಿತೆಯು ಒಂದೇ ಬಗೆಯ ಅಥವಾ ಸದೃಶ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದಲ್ಲಿ ವೇತನ ವ್ಯತ್ಯಾಸ ಮಾಡುವುದನ್ನು ನಿಷೇಧಿಸುತ್ತದೆ. ನಾಲ್ಕನೆಯದು ರಾತ್ರಿ ಪಾಳಿ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪ್ರಕಾರ ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮುನ್ನ ಮಹಿಳೆಯನ್ನು ದುಡಿಸಲು ಆಕೆಯ ಒಪ್ಪಿಗೆ ಬೇಕು ಮತ್ತು ಸರ್ಕಾರ ವಿಧಿಸುವ ಸುರಕ್ಷತಾ ಷರತ್ತುಗಳ ಪಾಲನೆಯಾಗಬೇಕು. ನೇಮಕಾತಿ ದಿನದ ಹತ್ತಾರು ಕಾಗದಗಳ ನಡುವೆ ಪಡೆದ ಸಹಿಯನ್ನೇ ಒಪ್ಪಿಗೆಯೆಂದು ತೋರಿಸಿದರೆ, ಆ ಒಪ್ಪಿಗೆಯನ್ನು ಪ್ರತ್ಯೇಕವಾಗಿ, ಹಿಂಪಡೆಯಲು ಸಾಧ್ಯವಾಗುವಂತೆ ಪಡೆಯಬೇಕೆಂಬುದೇ ನಿಮ್ಮ ಬಲಗಡೆಯ ಕಾಲಂನ ಒಂದು ಬೇಡಿಕೆಯಾಗಬಹುದು.

ಬಲಗಡೆಯ ಕಾಲಂನಲ್ಲಿ ಬರುವವು ಬೇರೆಯೇ ಸ್ವಭಾವದವು. ಖಾಸಗಿ ವಲಯಕ್ಕೆ ಪಿತೃತ್ವ ರಜೆಯನ್ನು ಕಡ್ಡಾಯ ಮಾಡಿದ ಕೇಂದ್ರ ಕಾನೂನು ಇಲ್ಲ. ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವುದು ಉಭಯತರು ಒಪ್ಪಿದರೆ ಮಾತ್ರ ಸಾಧ್ಯ, ಅದು ಹಕ್ಕಲ್ಲ. ಹೊಂದಾಣಿಕೆಯ ಕೆಲಸದ ಸಮಯ, ಹಂತಹಂತವಾಗಿ ಕೆಲಸಕ್ಕೆ ಮರಳುವ ವ್ಯವಸ್ಥೆ, ಬಂಜೆತನದ ಚಿಕಿತ್ಸೆಗೆ ರಜೆ, ಋತುಬಂಧದ ದಿನಗಳ ಅನುಕೂಲ, ಇವೆಲ್ಲ ಸಂಸ್ಥೆಯ ವಿವೇಚನೆಗೆ ಸೇರಿದವು. ಮುಟ್ಟಿನ ರಜೆಯ ವಿಷಯದಲ್ಲಿ ಎಚ್ಚರ ಬೇಕು: ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನ ಸಹಿತ ರಜೆಯ ನೀತಿಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು, ಅನಂತರದ ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಯಿತು. ಇಂತಹ ವಿಷಯಗಳನ್ನು ಯಾವ ಕಾಲಂನಲ್ಲಿ ಬರೆಯಬೇಕೆಂಬುದನ್ನು ಪತ್ರ ಸಲ್ಲಿಸುವ ವಾರದಲ್ಲಿ ಮತ್ತೊಮ್ಮೆ ನೋಡಿ ನಿರ್ಧರಿಸಿ. ಸಂಹಿತೆಗಳ ಅಡಿಯ ನಿಯಮಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎಚ್ಚರಿಕೆಯ ಸೂಚನೆ: ಬಲಗಡೆಯ ಒಂದೇ ಒಂದು ಅಂಶವನ್ನು "ಕಾನೂನುಬದ್ಧ ಹಕ್ಕು" ಎಂದು ಬರೆದರೂ ಸಂಸ್ಥೆಯ ವಕೀಲರು ಅದನ್ನೇ ಹಿಡಿದು ಇಡೀ ಪತ್ರವನ್ನು ಅಪ್ರಬುದ್ಧವೆಂದು ತಳ್ಳಿಹಾಕುತ್ತಾರೆ.

3. ಲೆಕ್ಕ ಸಂಗ್ರಹಿಸಿ, ಆದರೆ ಗುರುತು ಬಯಲಾಗದಂತೆ

"ಹಲವರಿಗೆ ತೊಂದರೆಯಾಗುತ್ತಿದೆ" ಎಂಬ ವಾಕ್ಯಕ್ಕೆ ಆಡಳಿತದ ಮೇಜಿನ ಮೇಲೆ ಬೆಲೆಯಿಲ್ಲ. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಜನ ಹೆರಿಗೆ ರಜೆ ಪಡೆದರು, ಎಷ್ಟು ಜನ ಮರಳಿದರು, ಮರಳಿದವರಲ್ಲಿ ಎಷ್ಟು ಜನ 12 ತಿಂಗಳ ನಂತರವೂ ಉಳಿದಿದ್ದರು ಎಂಬ ಮೂರು ಅಂಕಿಗಳು ಹತ್ತು ಪುಟಗಳ ವಿವರಣೆಗಿಂತ ಹೆಚ್ಚು ಹೇಳುತ್ತವೆ.

ನಿಮ್ಮ ಸಂಸ್ಥೆಯು ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಲ್ಲಿ ಒಂದಾಗಿದ್ದರೆ ಈ ಅಂಕಿಗಳನ್ನು ಹುಡುಕಿ ಅಲೆಯಬೇಕಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯಗೊಳಿಸಿರುವ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ) ವರದಿಯಲ್ಲಿ ಪೋಷಕ ರಜೆಯ ನಂತರ ಮರಳಿದವರ ಮತ್ತು ಉಳಿದವರ ಪ್ರಮಾಣ, ಪುರುಷ ಮತ್ತು ಮಹಿಳೆಯರ ಮಧ್ಯಾಂಕ (ಮೀಡಿಯನ್) ವೇತನ, ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆ ಎಲ್ಲವೂ ಇರುತ್ತವೆ. ಸಂಸ್ಥೆಯೇ ಸಹಿ ಹಾಕಿ ಪ್ರಕಟಿಸಿದ ಅಂಕಿಯನ್ನು ಅದರ ಮುಂದೆಯೇ ಇಟ್ಟರೆ ವಾದಕ್ಕೆ ಆಸ್ಪದವಿರುವುದಿಲ್ಲ. ಇಷ್ಟು ಉಪಯುಕ್ತವಾದ ದಾಖಲೆಯನ್ನು ತೆರೆದು ನೋಡುವ ಉದ್ಯೋಗಿಗಳು ಅಪರೂಪ. ಕಂಪನಿಗಳ ನಿರ್ದೇಶಕ ಮಂಡಳಿಯ ವರದಿಯಲ್ಲಿಯೂ, 2025ರ ತಿದ್ದುಪಡಿಯ ನಂತರ, ಬಂದ ದೂರುಗಳು, ಇತ್ಯರ್ಥವಾದವು, 90 ದಿನ ಮೀರಿ ಬಾಕಿ ಉಳಿದವು ಎಂಬ ವಿವರವನ್ನೂ ಹೆರಿಗೆ ಸೌಲಭ್ಯ ಕಾಯ್ದೆಯ ಪಾಲನೆಯ ಹೇಳಿಕೆಯನ್ನೂ ಕೊಡಬೇಕಾಗಿದೆ.

ಇಂತಹ ವರದಿಯಿಲ್ಲದ ಸಂಸ್ಥೆಯಲ್ಲಿ ಎಂಟು ಪ್ರಶ್ನೆಗಳಿಗೆ ಮೀರದ ಸಮೀಕ್ಷೆಯನ್ನು ನೀವೇ ನಡೆಸಿ. ಹೆಸರು, ಉದ್ಯೋಗಿ ಸಂಖ್ಯೆ, ಸೇರಿದ ದಿನಾಂಕ ಕೇಳಬೇಡಿ. ಐದಕ್ಕಿಂತ ಕಡಿಮೆ ಮಹಿಳೆಯರಿರುವ ತಂಡದ ಉತ್ತರಗಳನ್ನು ಪ್ರತ್ಯೇಕವಾಗಿ ತೋರಿಸಬೇಡಿ, ಅವುಗಳನ್ನು ದೊಡ್ಡ ವಿಭಾಗದೊಂದಿಗೆ ಸೇರಿಸಿ. ಭೌತಿಕ ಸಂಗತಿಗಳನ್ನು ಕಣ್ಣಾರೆ ಎಣಿಸಿ: ಯಾವ ಮಹಡಿಯಲ್ಲಿ ಎಷ್ಟು ಶೌಚಾಲಯಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಬೀಗ ಬಿದ್ದಿದೆ, ಕೊನೆಯ ಕ್ಯಾಬ್ ಎಷ್ಟು ಹೊತ್ತಿಗೆ ಹೊರಡುತ್ತದೆ, ಅದು ವಾರದಲ್ಲಿ ಎಷ್ಟು ದಿನ ತಡವಾಯಿತು. ಎರಡು ವಾರಗಳ ದಿನಚರಿ ಸಾಕು.

4. ಗುಂಪು ಕಟ್ಟುವಾಗ ಯಾರನ್ನು ಮರೆಯುತ್ತೀರಿ

ಐದರಿಂದ ಏಳು ಜನರ ಗುಂಪು ಒಳ್ಳೆಯದು. ಒಬ್ಬರೇ ಮುಂದೆ ನಿಂತರೆ ಅವರನ್ನು ಗುರಿ ಮಾಡುವುದು ಸುಲಭ, ಮೂವತ್ತು ಜನರಾದರೆ ನಿರ್ಧಾರವೇ ಆಗುವುದಿಲ್ಲ.

ಎಲ್ಲ ಗುಂಪುಗಳೂ ಮಾಡುವ ತಪ್ಪೊಂದಿದೆ: ಒಂದೇ ದರ್ಜೆಯ, ಒಂದೇ ಮಹಡಿಯ, ಒಂದೇ ವಯಸ್ಸಿನ ಗೆಳತಿಯರು ಸೇರಿಕೊಂಡು ಅದನ್ನೇ "ಮಹಿಳಾ ಉದ್ಯೋಗಿಗಳು" ಎಂದು ಕರೆದುಕೊಳ್ಳುವುದು. ಬೆಳಿಗ್ಗೆ ಆರಕ್ಕೆ ಬಂದು ಆ ಮಹಡಿಯನ್ನು ಗುಡಿಸುವ ಗುತ್ತಿಗೆ ಕೆಲಸಗಾರ್ತಿ, ಸ್ವಾಗತ ಮೇಜಿನವರು, ಕ್ಯಾಂಟೀನಿನವರು ಆ ಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಪೋಶ್ ಕಾಯ್ದೆಯಲ್ಲಿ ಉದ್ಯೋಗಿ ಎಂಬ ಪದಕ್ಕೆ ಗುತ್ತಿಗೆ, ತಾತ್ಕಾಲಿಕ, ದಿನಗೂಲಿ ನೌಕರರೂ ತರಬೇತಿಯಲ್ಲಿರುವವರೂ ಒಳಪಡುತ್ತಾರೆ. ಕಾನೂನು ಸೇರಿಸಿಕೊಂಡವರನ್ನು ನಿಮ್ಮ ಮನವಿಯೇ ಹೊರಗಿಡುವುದು ನ್ಯಾಯವಲ್ಲ, ಜಾಣತನವೂ ಅಲ್ಲ. ಅವರಿಗೆ ಗುಂಪಿನಲ್ಲಿ ಬಹಿರಂಗವಾಗಿ ಕೂರುವುದು ಅಪಾಯಕರವಾದರೆ, ಅವರ ಮಾತನ್ನು ಕೇಳಿ ಕರಡಿನಲ್ಲಿ ಸೇರಿಸಿ, ಹೆಸರನ್ನು ಬಿಡಿ.

ಗುಂಪಿನಲ್ಲಿ ಒಬ್ಬಿಬ್ಬರು ಪುರುಷರಿರಲಿ. ಚಿಕ್ಕ ಮಕ್ಕಳ ಅಥವಾ ವೃದ್ಧ ತಂದೆತಾಯಿಯರ ಆರೈಕೆಯ ಹೊಣೆ ಹೊತ್ತವರಾದರೆ ಇನ್ನೂ ಉತ್ತಮ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರ ಪ್ರಾತಿನಿಧ್ಯವು ಒಟ್ಟು ಕಾರ್ಮಿಕರಲ್ಲಿ ಅವರ ಪ್ರಮಾಣಕ್ಕಿಂತ ಕಡಿಮೆಯಿರುವಂತಿಲ್ಲ. ಆ ಸಮಿತಿ ನಿಮ್ಮಲ್ಲಿದ್ದರೆ ಅದರ ಮಹಿಳಾ ಸದಸ್ಯರಿಂದಲೇ ಕೆಲಸ ಆರಂಭಿಸಿ. ಕಾರ್ಮಿಕ ಸಂಘವಿದ್ದರೆ ಅದನ್ನು ಬದಿಗಿಟ್ಟು ನಡೆಯಬೇಡಿ.

5. ಒಂದನ್ನು ಆರಿಸಿ

ಎಡಗಡೆಯ ಕಾಲಂನ ಲೋಪಗಳಿಗೆ ಆಯ್ಕೆಯ ಪ್ರಶ್ನೆಯಿಲ್ಲ. ಅವುಗಳನ್ನು "ಪಾಲನೆಯ ಕುರಿತು" ಎಂಬ ಶೀರ್ಷಿಕೆಯ ಪ್ರತ್ಯೇಕ ಪತ್ರದಲ್ಲಿ, ಪ್ರಕರಣ ಸಂಖ್ಯೆಯೊಂದಿಗೆ, ವಿನಂತಿಯ ಭಾಷೆಯಿಲ್ಲದೆ ಬರೆಯಿರಿ. ಬಲಗಡೆಯಿಂದ ಮಾತ್ರ ಈ ಬಾರಿಗೆ ಒಂದು, ಹೆಚ್ಚೆಂದರೆ ಎರಡು ಬೇಡಿಕೆಗಳನ್ನು ಆರಿಸಿಕೊಳ್ಳಿ. ಹನ್ನೆರಡು ಬೇಡಿಕೆಗಳಿದ್ದರೆ ಆಡಳಿತವು ಅತ್ಯಂತ ಅಗ್ಗದ ಎರಡನ್ನು ಒಪ್ಪಿ, ವಿಶ್ರಾಂತಿ ಕೊಠಡಿಗೆ ಹೊಸ ಸೋಫಾ ಹಾಕಿಸಿ, "ನಿಮ್ಮ ಮನವಿಗೆ ಸ್ಪಂದಿಸಿದ್ದೇವೆ" ಎಂದು ಸುತ್ತೋಲೆ ಹೊರಡಿಸುತ್ತದೆ.

ಯಾವುದನ್ನು ಆರಿಸಬೇಕು? ಹೆಚ್ಚು ಜನರನ್ನು ಮುಟ್ಟುವುದು ಮತ್ತು ಆರು ತಿಂಗಳಲ್ಲಿ ಫಲ ಅಳೆಯಲು ಸಾಧ್ಯವಾಗುವುದು. ಮಹಿಳೆಯರು ಕೆಲಸ ಬಿಡುವ ನಿಜವಾದ ಕಾರಣಕ್ಕೆ ಅದು ಹತ್ತಿರವಿರಬೇಕು, ಎಲ್ಲರಿಗೂ ಇಷ್ಟವಾಗುವ ಬೇಡಿಕೆಯೇ ಅತಿ ಅಗತ್ಯದ್ದಾಗಿರಬೇಕೆಂದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೌಲ್ಯಮಾಪನದ ನಿಯಮವನ್ನು ಬದಲಿಸುವುದು ಹೊಸ ರಜೆಗಿಂತ ಹೆಚ್ಚು ಬೆಲೆಬಾಳುತ್ತದೆ, ಅದರ ಕಾರಣವನ್ನು ಮುಂದಿನ ಹಂತದಲ್ಲಿ ವಿವರಿಸಿದ್ದೇನೆ.

6. ಕರಡನ್ನು ನಿಯಮದ ಭಾಷೆಯಲ್ಲಿ ಬರೆಯಿರಿ

ಮನವಿಪತ್ರ ಬರೆಯಬೇಡಿ, ನೀತಿಯನ್ನೇ ಬರೆದು ಕೊಡಿ. ಎಚ್‌ಆರ್ ವಿಭಾಗದವರಿಗೆ ನಿಮ್ಮ ಭಾವನೆಯನ್ನು ನಿಯಮವಾಗಿ ಪರಿವರ್ತಿಸುವ ಕೆಲಸ ಉಳಿದರೆ ಅದು ಅವರ ಮೇಜಿನ ಮೇಲೆಯೇ ಉಳಿಯುತ್ತದೆ. ಎರಡು ಪುಟ ಮೀರದಂತೆ ಈಗಿನ ಸ್ಥಿತಿ, ಅಂಕಿಗಳು, ಪ್ರಸ್ತಾವಿತ ನಿಯಮದ ಪೂರ್ಣ ಪಠ್ಯ, ಅಂದಾಜು ವೆಚ್ಚ, ಹೊಣೆಗಾರ ಅಧಿಕಾರಿಯ ಹುದ್ದೆ, ಜಾರಿಯ ದಿನಾಂಕ ಮತ್ತು ಅಳತೆಯ ವಿಧಾನ ಇರಲಿ.

ದುರ್ಬಲ ವಾಕ್ಯಕ್ಕೆ ಒಂದು ಉದಾಹರಣೆ: "ರಾತ್ರಿ ಪಾಳಿಯ ಮಹಿಳೆಯರಿಗೆ ಸುರಕ್ಷಿತ ಸಾರಿಗೆ ಒದಗಿಸಬೇಕು." ಇದನ್ನು ಯಾರೂ ವಿರೋಧಿಸುವುದಿಲ್ಲ, ಯಾರೂ ಪಾಲಿಸುವುದೂ ಇಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು: "ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಕೆಲಸ ಆರಂಭಿಸುವ ಅಥವಾ ಮುಗಿಸುವ ಪ್ರತಿ ಮಹಿಳಾ ಉದ್ಯೋಗಿಗೆ, ಗುತ್ತಿಗೆ ನೌಕರರೂ ಸೇರಿದಂತೆ, ಮನೆಬಾಗಿಲಿನವರೆಗೆ ವಾಹನ ಒದಗಿಸಲಾಗುವುದು. ಮೊದಲು ಹತ್ತುವವರು ಅಥವಾ ಕೊನೆಗೆ ಇಳಿಯುವವರು ಮಹಿಳೆಯಾಗಿದ್ದರೆ ವಾಹನದಲ್ಲಿ ಭದ್ರತಾ ಸಿಬ್ಬಂದಿ ಇರತಕ್ಕದ್ದು. ವಾಹನ 20 ನಿಮಿಷಕ್ಕಿಂತ ತಡವಾದರೆ ಉದ್ಯೋಗಿಯು ಬೇರೆ ವಾಹನ ಬಳಸಬಹುದು, ಅದರ ವೆಚ್ಚವನ್ನು 7 ದಿನಗಳೊಳಗೆ ಮರುಪಾವತಿಸಲಾಗುವುದು. ಇದರ ಹೊಣೆ ಆಡಳಿತ ವಿಭಾಗದ ಮುಖ್ಯಸ್ಥರದು. ವಿಳಂಬಗಳ ಪಟ್ಟಿಯನ್ನು ಪ್ರತಿ ತಿಂಗಳ 5ರೊಳಗೆ ಪ್ರಕಟಿಸಲಾಗುವುದು." ಇಲ್ಲಿ ತಪ್ಪಿಸಿಕೊಳ್ಳಲು ಬಾಗಿಲು ಕಡಿಮೆ.

ಈಗ ಮೌಲ್ಯಮಾಪನದ ಮಾತು. ರಜೆ ಕೊಡುವ ನಿಯಮವಿದ್ದು, ರಜೆಯಲ್ಲಿದ್ದವರ ಅಪ್ರೈಸಲ್ ಹೇಗೆ ನಡೆಯಬೇಕೆಂಬ ನಿಯಮವಿಲ್ಲದಿದ್ದರೆ ಆ ರಜೆಯ ಬೆಲೆಯನ್ನು ಮಹಿಳೆಯೇ ತೆರುತ್ತಾಳೆ. ಆರು ತಿಂಗಳು ಕೆಲಸ ಮಾಡಿದವಳನ್ನು ಹನ್ನೆರಡು ತಿಂಗಳು ಕೆಲಸ ಮಾಡಿದವರೊಂದಿಗೆ ಒಂದೇ ಗುರಿಯಲ್ಲಿ ಅಳೆಯಲಾಗುತ್ತದೆ, "ಸರಾಸರಿ" ಎಂಬ ಶ್ರೇಣಿ ಬೀಳುತ್ತದೆ, ಬಡ್ತಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಎರಡನೇ ಮಗುವಾದಾಗ ಮತ್ತೊಂದು ವರ್ಷ. ಹೀಗೆ ಸದ್ದಿಲ್ಲದೆ ವೇತನದ ಅಂತರ ಬೆಳೆಯುತ್ತದೆ, ಯಾರೂ ಯಾವ ನಿಯಮವನ್ನೂ ಮುರಿದಂತೆ ಕಾಣುವುದಿಲ್ಲ. ಆದ್ದರಿಂದ ಯಾವುದೇ ರಜೆಯ ಪ್ರಸ್ತಾವದ ಕೆಳಗೆ ಈ ಮೂರು ಸಾಲುಗಳನ್ನು ಸೇರಿಸಿ: ಗುರಿಗಳನ್ನು ಕೆಲಸ ಮಾಡಿದ ತಿಂಗಳುಗಳಿಗೆ ಅನುಗುಣವಾಗಿ ಇಳಿಸಬೇಕು, ಮೌಲ್ಯಮಾಪನದ ಅವಧಿಯಲ್ಲಿ ಬಹುಪಾಲು ರಜೆಯಿದ್ದರೆ ಹಿಂದಿನ ವರ್ಷದ ಶ್ರೇಣಿಯನ್ನೇ ಮುಂದುವರಿಸಬೇಕು, ಬಡ್ತಿಗೆ ಬೇಕಾದ ಸೇವಾವಧಿಯಲ್ಲಿ ಹೆರಿಗೆ ರಜೆಯನ್ನೂ ಎಣಿಸಬೇಕು.

ಮತ್ತೊಂದು ಬಲೆಯನ್ನು ಗಮನಿಸಿ. ಎಲ್ಲ ಸೌಲಭ್ಯಗಳನ್ನೂ "ಮಹಿಳೆಯರಿಗೆ ಮಾತ್ರ" ಎಂದು ಬರೆದರೆ, ನೇಮಕಾತಿ ಮಾಡುವ ವ್ಯವಸ್ಥಾಪಕರು ಮಹಿಳೆಯರನ್ನೇ ವೆಚ್ಚವೆಂದು ಎಣಿಸತೊಡಗುತ್ತಾರೆ. ಹೆರಿಗೆಗೆ, ಹಾಲೂಡಿಸುವಿಕೆಗೆ, ಮುಟ್ಟಿಗೆ ಸಂಬಂಧಿಸಿದವು ಸಹಜವಾಗಿಯೇ ಮಹಿಳೆಯರಿಗೆ ಸೇರಿದವು. ಆದರೆ ಹೊಂದಾಣಿಕೆಯ ಸಮಯ, ಮಕ್ಕಳ ಅನಾರೋಗ್ಯದ ರಜೆ, ಹಿರಿಯರ ಆರೈಕೆಯ ರಜೆ ಎಲ್ಲರಿಗೂ ಅನ್ವಯಿಸುವಂತೆ ಬರೆಯಿರಿ. ತಂದೆ ಮನೆಯಲ್ಲಿ ಉಳಿಯಲು ಸಾಧ್ಯವಾದ ದಿನ ತಾಯಿ ಕಚೇರಿಗೆ ಬರಲು ಸಾಧ್ಯವಾಗುತ್ತದೆ.

ವೆಚ್ಚದ ಭಾಗವನ್ನು ಬಿಟ್ಟುಬಿಡಬೇಡಿ. ನೀವು ಬರೆಯದಿದ್ದರೆ ಹಣಕಾಸು ವಿಭಾಗದವರು ದೊಡ್ಡ ಅಂಕಿಯನ್ನು ತಾವೇ ಊಹಿಸಿಕೊಳ್ಳುತ್ತಾರೆ. ಒಬ್ಬ ಅನುಭವಿ ಉದ್ಯೋಗಿ ಬಿಟ್ಟುಹೋದರೆ ಹೊಸಬರನ್ನು ಹುಡುಕುವ, ತರಬೇತಿ ಕೊಡುವ ಖರ್ಚನ್ನು ಎಚ್‌ಆರ್‌ನವರಿಂದಲೇ ಕೇಳಿ ತಿಳಿದು ಪಕ್ಕದಲ್ಲಿ ಬರೆಯಿರಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಮಹಿಳೆಯರಿಗೆ ಹೆರಿಗೆ ಸೌಲಭ್ಯದ ಹಣ ಇಎಸ್‌ಐ ನಿಗಮದಿಂದ ಬರುತ್ತದೆ. ಆ ಭಾಗವನ್ನು ಸಂಸ್ಥೆಯ ವೆಚ್ಚದಲ್ಲಿ ಎಣಿಸದಂತೆ ನೋಡಿಕೊಳ್ಳಿ.

7. ಸಭೆಗೆ ಮುನ್ನವೇ ಸಭೆ ಮುಗಿಸಿ

ಎಚ್‌ಆರ್ ವಿಭಾಗಕ್ಕೆ ನೀತಿಯನ್ನು ಬರೆಯುವ ಅಧಿಕಾರವಿರಬಹುದು, ಹಣ ಬಿಡುಗಡೆ ಮಾಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಬೇಡಿಕೆಗೆ ಕೊನೆಯ ಸಹಿ ಹಾಕುವವರು ಯಾರು, ಅವರಿಗೆ ಸಲಹೆ ಕೊಡುವವರು ಯಾರು, ಮುಂದಿನ ಬಜೆಟ್ ಯಾವ ತಿಂಗಳಲ್ಲಿ ಸಿದ್ಧವಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವ ಸಂಸ್ಥೆಗೆ ಮೇ ತಿಂಗಳಲ್ಲಿ ಹೊಸ ವೆಚ್ಚದ ಪ್ರಸ್ತಾವ ಕೊಟ್ಟರೆ ಹನ್ನೊಂದು ತಿಂಗಳು ಕಾಯುವ ಉತ್ತರವನ್ನು ನೀವೇ ಕೈಗಿತ್ತಂತೆ. ನವೆಂಬರ್ ಅಥವಾ ಡಿಸೆಂಬರ್ ಸೂಕ್ತ.

ಸಭೆಯಲ್ಲಿ ಕೂರುವ ಪ್ರತಿಯೊಬ್ಬರನ್ನೂ ಒಂದು ವಾರ ಮುಂಚಿತವಾಗಿ ಪ್ರತ್ಯೇಕವಾಗಿ ಭೇಟಿ ಮಾಡಿ, ಕರಡಿನ ಪ್ರತಿ ಕೊಟ್ಟು, ಆಕ್ಷೇಪಣೆಯನ್ನು ಅಲ್ಲಿಯೇ ಕೇಳಿಕೊಳ್ಳಿ. ದೊಡ್ಡ ಸಭೆಯಲ್ಲಿ ಮೊದಲ ಬಾರಿಗೆ ಕೇಳಿದ ಪ್ರಸ್ತಾವಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲು ಮನಸ್ಸಿದ್ದವರೂ ಸಹ.

8. ಸಭೆಯಲ್ಲಿ ಕೇಳಿಬರುವ ನಾಲ್ಕು ಮಾತುಗಳು

"ನಮ್ಮಲ್ಲಿ ಇದುವರೆಗೆ ಒಂದು ದೂರೂ ಬಂದಿಲ್ಲ." ದೂರು ಬಾರದಿರುವುದು ಸಮಸ್ಯೆ ಇಲ್ಲವೆಂಬುದಕ್ಕೆ ಪುರಾವೆಯಲ್ಲ, ಸಮಿತಿಯ ಸದಸ್ಯರ ಹೆಸರು ಎಷ್ಟು ಜನರಿಗೆ ಗೊತ್ತಿದೆ ಎಂಬ ನಿಮ್ಮ ಸಮೀಕ್ಷೆಯ ಉತ್ತರವನ್ನು ಆಗ ಮುಂದಿಡಿ.

"ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ." ಇದಕ್ಕೆ ಸಿಟ್ಟಾಗಬೇಡಿ. ಪ್ರವಾಸ ಭತ್ಯೆಯನ್ನೂ ಕೆಲವರು ದುರುಪಯೋಗ ಮಾಡಿಕೊಳ್ಳುತ್ತಾರೆ, ಆದರೂ ಸಂಸ್ಥೆಯು ಭತ್ಯೆಯನ್ನು ರದ್ದು ಮಾಡದೆ ತಪಾಸಣೆಯ ನಿಯಮ ಮಾಡಿದೆ ಎಂದಷ್ಟೇ ಹೇಳಿ.

"ಮೊದಲು ಪ್ರಾಯೋಗಿಕವಾಗಿ ನೋಡೋಣ." ಒಪ್ಪಿಕೊಳ್ಳಿ, ಆದರೆ ಮುಕ್ತಾಯದ ದಿನಾಂಕ, ಯಶಸ್ಸಿನ ಅಳತೆ ಮತ್ತು ಅಳತೆ ತಲುಪಿದರೆ ಕಾಯಂ ಆಗುತ್ತದೆಂಬ ವಾಕ್ಯ, ಈ ಮೂರನ್ನೂ ಅಂದೇ ಬರೆಸಿಕೊಳ್ಳಿ. ದಿನಾಂಕವಿಲ್ಲದ ಪ್ರಯೋಗ ಎಂದಿಗೂ ಮುಗಿಯುವುದಿಲ್ಲ.

"ನಿಮ್ಮ ವಿಷಯದಲ್ಲಿ ನಾವು ವಿನಾಯಿತಿ ಕೊಡುತ್ತೇವೆ, ಬಿಡಿ." ನಾಲ್ಕರಲ್ಲಿ ಅತಿ ಅಪಾಯಕಾರಿಯಾದದ್ದು ಇದು, ಏಕೆಂದರೆ ಕೇಳಲು ಸೌಜನ್ಯದಂತಿರುತ್ತದೆ. ಗುಂಪಿನಲ್ಲಿ ಒಬ್ಬರಿಗೆ ಖಾಸಗಿ ವಿನಾಯಿತಿ ಸಿಕ್ಕ ಕೂಡಲೇ ಗುಂಪು ಕರಗುತ್ತದೆ, ನೀತಿ ಹುಟ್ಟುವುದೇ ಇಲ್ಲ. ಇಂತಹ ಮಾತು ಬಂದರೆ ಗುಂಪಿಗೆ ತಿಳಿಸಬೇಕೆಂದು ಮೊದಲೇ ಮಾತಾಡಿಕೊಂಡಿರಿ.

9. ಅಂದೇ ಬರವಣಿಗೆಗೆ ಇಳಿಸಿ

ಸಭೆ ಮುಗಿದ ದಿನವೇ, ಕಚೇರಿಯ ಇಮೇಲ್ ಮೂಲಕ, ಏನನ್ನು ಒಪ್ಪಲಾಯಿತು, ಯಾರು, ಯಾವ ದಿನದೊಳಗೆ ಮಾಡುತ್ತಾರೆ ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆದು ಎಲ್ಲರಿಗೂ ಕಳುಹಿಸಿ, "ನನ್ನ ಗ್ರಹಿಕೆಯಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ" ಎಂದು ಮುಗಿಸಿ. ಉತ್ತರ ಬಾರದಿದ್ದರೂ ನಿಮ್ಮ ಬಳಿ ಒಂದು ದಾಖಲೆ ಉಳಿಯುತ್ತದೆ.

ಇನ್ನು ಮುಂದೆ ಗಮನಿಸಬೇಕಾದ ಅಪಾಯದ ಸೂಚನೆಗಳಿವೆ. ಸಭೆಯ ದಿನಾಂಕ ಎರಡು ಬಾರಿ ಮುಂದಕ್ಕೆ ಹೋಗುವುದು; ನೀತಿಯ ಬದಲು ಪ್ರೇರಣಾ ಭಾಷಣವೊಂದನ್ನು ಏರ್ಪಡಿಸುವುದು; ನಿಯಮದ ಕರಡಿನಲ್ಲಿ "ವ್ಯವಸ್ಥಾಪಕರ ವಿವೇಚನೆಗೆ ಒಳಪಟ್ಟು" ಎಂಬ ಪದಗುಚ್ಛ ಹೊಸದಾಗಿ ಸೇರಿಕೊಳ್ಳುವುದು. ಈ ಕೊನೆಯದಕ್ಕೆ ಕೂಡಲೇ ಆಕ್ಷೇಪಿಸಿ. ಸಂಪೂರ್ಣ ತೆಗೆಯಲು ಆಗದಿದ್ದರೆ, ನಿರಾಕರಿಸುವ ವ್ಯವಸ್ಥಾಪಕರು 5 ಕೆಲಸದ ದಿನಗಳೊಳಗೆ ಲಿಖಿತ ಕಾರಣ ಕೊಡಬೇಕು ಮತ್ತು ಅದರ ಪ್ರತಿ ಎಚ್‌ಆರ್‌ಗೆ ಹೋಗಬೇಕು ಎಂಬುದನ್ನಾದರೂ ಸೇರಿಸಿ.

10. ನಿರಾಕರಿಸಿದರೆ

ಮತ್ತೆ ಆ ಎರಡು ಕಾಲಂಗಳ ಹಾಳೆ ತೆಗೆಯಿರಿ. ಬಲಗಡೆಯ ಬೇಡಿಕೆಗೆ ನಿರಾಕರಣೆ ಬಂದರೆ ಲಿಖಿತ ಕಾರಣ ಕೇಳಿ, ಆರು ತಿಂಗಳ ನಂತರ ಹೊಸ ಅಂಕಿಗಳೊಂದಿಗೆ ಮರಳಿ. ಇಲ್ಲಿ ಹೊರಗಿನ ಸಂಸ್ಥೆಗಳಿಗೆ ದೂರು ಕೊಡಲು ಆಧಾರವಿರುವುದಿಲ್ಲ.

ಎಡಗಡೆಯ ಲೋಪವಾದರೆ ದಾರಿ ಬೇರೆ. ಪಾಲನೆಯ ಪತ್ರಕ್ಕೆ 30 ದಿನ ಕಾಲಾವಕಾಶ ಕೊಟ್ಟು, ಒಮ್ಮೆ ನೆನಪೋಲೆ ಕಳುಹಿಸಿ, ಅನಂತರ ಮುಂದುವರಿಯಿರಿ. ಆಂತರಿಕ ಸಮಿತಿಯೇ ಇಲ್ಲದಿದ್ದರೆ ಪೋಶ್ ಕಾಯ್ದೆಯಡಿ ಅಧಿಸೂಚಿತವಾದ ಜಿಲ್ಲಾ ಅಧಿಕಾರಿಗೆ ಬರೆಯಬಹುದು. ಹತ್ತಕ್ಕಿಂತ ಕಡಿಮೆ ಉದ್ಯೋಗಿಗಳಿರುವ ಸ್ಥಳದ ಅಥವಾ ಉದ್ಯೋಗದಾತರ ವಿರುದ್ಧವೇ ಇರುವ ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ಸ್ವೀಕರಿಸುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಶೀ-ಬಾಕ್ಸ್ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಹೆರಿಗೆ ಸೌಲಭ್ಯ, ಶಿಶುಪಾಲನಾ ಕೇಂದ್ರ, ಸಮಾನ ವೇತನದ ವಿಷಯಗಳು ಕಾರ್ಮಿಕ ಇಲಾಖೆಗೆ ಸೇರಿದವು. ಅಲ್ಲಿನ ತನಿಖಾಧಿಕಾರಿಯನ್ನು ಸಂಹಿತೆಗಳು ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್ ಎಂದು ಕರೆಯುತ್ತವೆ.

ಸಾಮಾಜಿಕ ಜಾಲತಾಣದಲ್ಲಿ ಬರೆಯುವುದನ್ನು ಕೊನೆಯ ಅಸ್ತ್ರವೆಂದು ಕೂಡ ನಾನು ಸಲಹೆ ಮಾಡುವುದಿಲ್ಲ. ಸಂಸ್ಥೆಯು ಆಮೇಲೆ ಮಾತನಾಡುವುದು ತನ್ನ ಹೆಸರಿನ ಬಗ್ಗೆ, ನಿಮ್ಮ ಬೇಡಿಕೆಯ ಬಗ್ಗೆ ಅಲ್ಲ.

ಪ್ರತೀಕಾರದ ಲಕ್ಷಣಗಳನ್ನು ಮೊದಲ ದಿನದಿಂದಲೇ ದಿನಾಂಕ ಸಹಿತ ಬರೆದಿಡಿ: ಇದ್ದಕ್ಕಿದ್ದಂತೆ ಪಾಳಿ ಬದಲಾಗುವುದು, ಸಭೆಗಳ ಆಹ್ವಾನ ನಿಲ್ಲುವುದು, ವರ್ಷಗಳಿಂದ ಚೆನ್ನಾಗಿದ್ದ ಶ್ರೇಣಿ ಕುಸಿಯುವುದು. ನಿಮ್ಮ ಹಳೆಯ ಮೌಲ್ಯಮಾಪನ ಪತ್ರಗಳ ಪ್ರತಿಗಳನ್ನು ಆಂದೋಲನ ಆರಂಭವಾಗುವ ಮುನ್ನವೇ ಎಚ್‌ಆರ್‌ನಿಂದ ಅಧಿಕೃತವಾಗಿ ಕೇಳಿ ಪಡೆದಿಡುವುದು ಜಾಣತನ.

11. ಜಾರಿಯಾದ ನಂತರದ ಆರು ತಿಂಗಳು

ಸುತ್ತೋಲೆ ಹೊರಬಿದ್ದ ದಿನ ಗುಂಪನ್ನು ವಿಸರ್ಜಿಸಬೇಡಿ. ನೀತಿಯನ್ನು ಎಷ್ಟು ಜನ ಬಳಸಿದರು, ಎಷ್ಟು ಅರ್ಜಿಗಳು ನಿರಾಕರಣೆಗೆ ಒಳಗಾದವು, ಬಳಸಿದವರ ಮುಂದಿನ ಅಪ್ರೈಸಲ್ ಹೇಗಿತ್ತು ಎಂಬುದನ್ನು ಆರನೇ ತಿಂಗಳಲ್ಲಿ ಕೇಳಿ. ಒಂದು ಅರ್ಜಿಯೂ ಬಂದಿಲ್ಲವೆಂದರೆ ಅಗತ್ಯವಿಲ್ಲವೆಂದು ಅರ್ಥವಲ್ಲ. ಮೊದಲು ಬಳಸುವವರಾಗಲು ಎಲ್ಲರೂ ಹೆದರುತ್ತಿರಬಹುದು. ಇಂತಹ ಸ್ಥಿತಿಯಲ್ಲಿ ಹಿರಿಯ ಹುದ್ದೆಯಲ್ಲಿರುವ ಒಬ್ಬರು, ಸಾಧ್ಯವಾದರೆ ಪುರುಷರೇ, ಮೊದಲು ಆ ಸೌಲಭ್ಯವನ್ನು ಬಹಿರಂಗವಾಗಿ ಬಳಸುವಂತೆ ಮಾಡುವುದು ಬಹಳ ಪರಿಣಾಮಕಾರಿ.

ಹೊಸ ನೀತಿಯ ಪಠ್ಯವು ಉದ್ಯೋಗಿ ಕೈಪಿಡಿಯಲ್ಲಿಯೂ ನೇಮಕಾತಿ ಪತ್ರದ ಜೊತೆ ಕೊಡುವ ಕಾಗದಗಳಲ್ಲಿಯೂ ಸೇರಿದೆಯೇ ಎಂದು ನೋಡಿ. ಕನ್ನಡ ಮಾತ್ರ ಓದಬಲ್ಲ ಉದ್ಯೋಗಿಗಳಿರುವಲ್ಲಿ ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ. ಆಂತರಿಕ ಸಮಿತಿಯ ಸದಸ್ಯರ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಎರಡು ತಿಂಗಳು ಮುಂಚಿತವಾಗಿ ಎಚ್‌ಆರ್‌ಗೆ ನೆನಪೋಲೆ ಕಳುಹಿಸಿ. ಬಾಹ್ಯ ಸದಸ್ಯರನ್ನು ಹುಡುಕಲು ಅಷ್ಟು ಕಾಲ ಬೇಕಾಗುತ್ತದೆ, ಮತ್ತು ಹೊಸ ಆದೇಶ ಹೊರಡುವುದು ತಡವಾದ ಆ ಖಾಲಿ ವಾರಗಳಲ್ಲಿಯೇ ಯಾರಿಗಾದರೂ ದೂರು ಕೊಡುವ ಅಗತ್ಯ ಬೀಳಬಹುದು.